ಹಳೇ ಡಿಸ್ಕಿನ ಕೊನೆಯ ಮುಕ್ಕಾಲು ತಾಸು

ಕಂಪ್ಯೂಟರಿನ ಹೊಟ್ಟೆ ತುಂಬಿದ್ದನ್ನು ಮೊದಲು ಕಂಡವರು ವೈನಿ, ನನ್ನ ಅಣ್ಣನ ಹೆಂಡತಿ. ಶ್ರಾವಣದ ಒಂದು ಶನಿವಾರ ಮಧ್ಯಾಹ್ನ ನಾನು ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಒಳಗಿನಿಂದ ಕರೆದರು. "ತಮ್ಮಾ, ಇದು ಏನೋ ತಂಟೆ ತಗದೈತಿ, ಬಂದು ನೋಡು." ಹೋಗಿ ನೋಡಿದೆ. ಡಿಸ್ಕಿನಲ್ಲಿ ಜಾಗವಿಲ್ಲ, ಏನಾದರೂ ಅಳಿಸಿರಿ ಎಂದು ಪರದೆ ಹೇಳುತ್ತಿತ್ತು. ವೈನಿಯ ಮುಖ ಸಣ್ಣದಾಗಿತ್ತು. ನನಗೆ ಮಾತ್ರ, ಖರೇ ಹೇಳುತ್ತೇನೆ, ಒಳಗೊಳಗೇ ಭಾರೀ ಖುಷಿಯಾಯಿತು. ಹೊಸ ಹಾರ್ಡ್ ಡಿಸ್ಕ್ ತರಲು ಆರು ತಿಂಗಳಿಂದ ಒಂದು ನೆಪ ಹುಡುಕುತ್ತಿದ್ದೆ.

ಆಗ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹುಬ್ಬಳ್ಳಿಯ ಕಮರಿಪೇಟೆಯ ಇಕ್ಕಟ್ಟಾದ ಓಣಿಯಲ್ಲಿ ನಮ್ಮ ಮನೆ. ಅವ್ವ, ವೈನಿ, ನಾನು, ಮೂರೇ ಜನ. ಅಣ್ಣನ ನೌಕರಿ ಬೇರೆ ಜಿಲ್ಲೆಯಲ್ಲಿ, ತಿಂಗಳಿಗೆ ಎರಡು ಸಲ ಬಂದು ಹೋಗುತ್ತಿದ್ದ. ನಾನು ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವ ಕೆಲಸಕ್ಕಿದ್ದೆ. ಕಂಪ್ಯೂಟರ್ ತಂದದ್ದು ವೈನಿಯ ಓದಿಗೆ, ಆದರೆ ಯಜಮಾನಿಕೆ ನನ್ನದು. ಯಾರಾದರೂ ಅದನ್ನು ಮುಟ್ಟಿದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ಅದರ ಬಗ್ಗೆ ಒಂದು ಮಾತು ಕೇಳಿದರೆ ಅರ್ಧ ತಾಸು ಅವರನ್ನು ಬಿಡುತ್ತಿರಲಿಲ್ಲ. "ಮಂತ್ರಕ್ಕಿಂತ ಉಗುಳ ಹೆಚ್ಚು ಇವಂದು" ಎಂದು ಅವ್ವ ಅನ್ನುತ್ತಿದ್ದಳು.

ವೈನಿ ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯ ಮಗಳು. ಅವರ ಮನೆತನದಲ್ಲಿ ಧಾರವಾಡದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಹಳ್ಳಿಯ ಹೆಂಗಸರು ಬಿತ್ತುವ ಬೀಜವನ್ನು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಹೇಗೆ ಕಾಯ್ದುಕೊಂಡು ಬರುತ್ತಾರೆ ಎಂಬುದೇ ಅವರ ಸಂಶೋಧನೆ. ಅದಕ್ಕಾಗಿ ಹದಿನಾಲ್ಕು ಮುದುಕಿಯರ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತು ಅವರ ಮಾತನ್ನೆಲ್ಲ ತುಂಬಿಕೊಂಡು ಬಂದಿದ್ದರು. ಮೊದಲು ಮಾತಾಡಿದವಳು ಅವರ ಸ್ವಂತ ಆಯಿ, ಅಪ್ಪನ ತಾಯಿ.

ಕ್ಯಾಸೆಟ್ಟಿನ ಮಾತನ್ನು ವೈರ್ ಹಚ್ಚಿ ಕಂಪ್ಯೂಟರಿಗೆ ಇಳಿಸುವುದನ್ನು ತೋರಿಸಿಕೊಟ್ಟವನು ನಾನು. ಬರೀ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. "ಇನ್ನ ಕ್ಯಾಸೆಟ್ ಇಟಗೊಂಡು ಏನ್ ಮಾಡ್ತೀರಿ ವೈನಿ? ಟೇಪು ಜಗ್ಗತಾವ, ಹರೀತಾವ, ಬೂಷ್ಟು ಹಿಡೀತಾವ. ಕಂಪ್ಯೂಟರ್‌ನ್ಯಾಗ ಹೋಗಿದ್ದು ಚಿರಂಜೀವಿ. ಅದರ ಮ್ಯಾಲ ಮುಂದಿನವರದು ತುಂಬಿಕೊಳ್ರಿ" ಎಂದು ಉಪದೇಶ ಮಾಡಿದೆ. ವೈನಿ ನನ್ನ ಮಾತು ನಂಬಿದರು. ಎರಡೇ ಎರಡು ಕ್ಯಾಸೆಟ್ಟುಗಳ ಮೇಲೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತ ಹೋಯಿತು. ಹದಿನಾಲ್ಕು ಜನರ ಧ್ವನಿ ಪೂರ್ತಿ ಉಳಿದದ್ದು ನಮ್ಮ ಮನೆಯ ಆ ಎರಡು ಜಿಬಿಯ ಡಿಸ್ಕಿನಲ್ಲಿ ಮಾತ್ರ.

ಆಯಿ ತೀರಿಕೊಂಡು ಆ ಶ್ರಾವಣಕ್ಕೆ ವರ್ಷ ತುಂಬುತ್ತಿತ್ತು. ಆಕೆಯ ಮಾತು ನಮ್ಮ ಮನೆಯಲ್ಲಿದೆ ಎಂದು ವೈನಿಯ ಅಪ್ಪನಿಗೆ, ನಾನು ಮಾಮಾ ಎನ್ನುವ ಆ ಗಟ್ಟಿ ಮನುಷ್ಯನಿಗೆ, ಗೊತ್ತಿತ್ತು. ಆದರೆ ಒಮ್ಮೆಯೂ ಕೇಳಿರಲಿಲ್ಲ. "ವರ್ಷ ಆಗಲಿ ತಡಿ ಮಗಳ. ಈಗ ಕೇಳಿದ್ರ ನನ್ನ ಕಡಿಂದ ಆಗೂದಿಲ್ಲ" ಎಂದಿದ್ದರಂತೆ. ಈಗ ತಾವಾಗಿಯೇ ಹೇಳಿ ಕಳಿಸಿದ್ದರು, ಮುಂದಿನ ರವಿವಾರ ಬರುತ್ತೇನೆ, ಅವ್ವನ ಮಾತು ಕೇಳಿಸು ಎಂದು. ಅಷ್ಟರೊಳಗೆ ಹೊಸ ಡಿಸ್ಕ್ ಹಾಕಿ, ಎಲ್ಲವನ್ನೂ ಅದಕ್ಕೆ ಸಾಗಿಸಿ, ಮಾಮಾ ಬಂದಾಗ ಧಾಂಧೂಂ ಎಂದು ಕೇಳಿಸಿಬಿಡಬೇಕು ಎಂಬುದು ನನ್ನ ಹಟ.

ಅದೇ ಸಂಜೆ ಪೇಟೆಗೆ ಓಡಿದೆ. ಮೊದಲ ಮಾಳಿಗೆಯಲ್ಲಿದ್ದ ಕಂಪ್ಯೂಟರ್ ಅಂಗಡಿಯವರು ಕಪಾಟಿನಿಂದ ಒಂದು ಸಣ್ಣ ಡಬ್ಬಿ ತೆಗೆದು ಗಾಜಿನ ಮೇಲೆ ಇಟ್ಟರು. ಇಪ್ಪತ್ತು ಜಿಬಿ. ಹಳೆಯದಕ್ಕಿಂತ ಹತ್ತು ಪಟ್ಟು ದೊಡ್ಡದು, ಆದರೆ ಕೈಯಲ್ಲಿ ಹಿಡಿದರೆ ಅಷ್ಟೇ ಅಗಲ, ಅಷ್ಟೇ ತೂಕ. ನನಗೆ ಅದು ಎಷ್ಟು ಸೋಜಿಗ ಎನ್ನಿಸಿತೆಂದರೆ ಎರಡು ಮೂರು ಸಲ ಕೈಯಲ್ಲಿ ತೂಗಿ ನೋಡಿದೆ.

"ಹಳೇ ಡಿಸ್ಕ್ ಇಲ್ಲಿಗೆ ತರ್ರಿ, ನಾವು ಎಲ್ಲಾ ಕಾಪಿ ಮಾಡಿ ಕೊಡ್ತೇವಿ" ಎಂದರು ಅಂಗಡಿಯವರು.

"ಬ್ಯಾಡ್ರಿ, ನಾನ ಮಾಡ್ಕೋತೇನಿ."

"ಹಿಂದಕ ಮಾಡೀರೇನು?"

"ಅದ್ರಾಗೇನೈತ್ರಿ" ಎಂದೆ. ಮಾಡಿರಲಿಲ್ಲ. ಮಾಡುವುದನ್ನು ಒಂದು ಸಲ ನೋಡಿದ್ದೆ.

ಮನೆಗೆ ಬರುವಾಗ ಸಣ್ಣಗೆ ಮಳೆ. ಡಬ್ಬಿಯನ್ನು ಅಂಗಿಯೊಳಗೆ ಇಟ್ಟುಕೊಂಡು, ಎದೆಗೆ ಅವುಚಿಕೊಂಡು ಬಂದೆ. ರಾತ್ರಿ ಎರಡು ಸಲ ಎದ್ದು ಡಬ್ಬಿ ಅಲ್ಲೇ ಇದೆಯೇ ಎಂದು ನೋಡಿದ್ದೂ ಉಂಟು.

ರವಿವಾರ ಬೆಳಿಗ್ಗೆ ಜಳಕ ಮಾಡಿ, ಚಹಾ ಕುಡಿದು, ಸ್ಕ್ರೂಡ್ರೈವರ್ ಹಿಡಿದು ಕೂತೆ. ಕಂಪ್ಯೂಟರಿನ ಡಬ್ಬ ಬಿಚ್ಚಿ ಹಳೆಯ ಡಿಸ್ಕನ್ನು ಹೊರಗೆ ತೆಗೆದೆ. ಎರಡನ್ನೂ ಒಂದೇ ಪಟ್ಟಿ ವೈರಿಗೆ ಹಚ್ಚಬೇಕು, ಹೊಸದು ದೊಡ್ಡಣ್ಣ, ಹಳೆಯದು ಅದರ ಕೈಕೆಳಗಿನದು ಎಂದು ತೋರಿಸಲು ಬೆನ್ನ ಮೇಲಿನ ಒಂದು ಸಣ್ಣ ಕ್ಲಿಪ್ಪನ್ನು ಕಿತ್ತು ಬೇರೆ ಕಡೆ ಸಿಗಿಸಬೇಕು. ಅದನ್ನು ಮಾಡಿದೆ. ಆಗ ಗೊತ್ತಾಯಿತು, ನಮ್ಮ ವೈರಿಗೆ ಎರಡನೆಯ ಡಿಸ್ಕ್ ಸಿಗಿಸುವ ಬಾಯಿಯೇ ಇಲ್ಲ. ಮುದ್ರಣಾಲಯದ ಗೆಳೆಯನ ಮನೆಯಲ್ಲಿ ಎರಡು ಬಾಯಿಯ ವೈರ್ ಒಂದು ಇತ್ತು. ಎರಡೂ ಡಿಸ್ಕುಗಳನ್ನು ಮೇಜಿನ ಮೇಲೆ ಬಿಟ್ಟು ಸೈಕಲ್ ಹತ್ತಿದೆ. ಹೋಗುವಾಗ ಅವ್ವ ಕೇಳಿದಳು, "ಹೊಸಾದು ಬಂದೈತಿ ಅಂದ್ರ ಪೂಜಿ ಮಾಡಬೇಕಲ್ಲಪಾ?" "ಮಾಡಬೇ, ಲಗೂ ಮಾಡಿಬಿಡು" ಎಂದು ಕೂಗಿ ಹೊರಟೆ.

ನಮ್ಮ ಮನೆಯಲ್ಲಿ ಪೂಜೆಯಾಗದೆ ಯಾವುದೂ ಕೆಲಸಕ್ಕೆ ಬರುವಂತಿಲ್ಲ. ಸೈಕಲ್ಲಿಗೆ ಆಗಿದೆ, ಮಿಕ್ಸರಿಗೆ ಆಗಿದೆ, ಗ್ಯಾಸಿನ ಒಲೆಗೂ ಆಗಿದೆ. ವಿಭೂತಿ ತೇದು ಮೂರು ಬೆರಳಿನಿಂದ ಎಳೆದು, ನಡುವೆ ಕುಂಕುಮದ ಬೊಟ್ಟು ಇಟ್ಟು, ಹೂ ಏರಿಸಿ, ಊದಿನಕಡ್ಡಿ ಬೆಳಗಿದರೆ ಮುಗಿಯಿತು. ನಾನು ವೈರ್ ತೆಗೆದುಕೊಂಡು ಬರುವಷ್ಟರಲ್ಲಿ ಎರಡೂ ಡಿಸ್ಕುಗಳು ತಾಟಿನಲ್ಲಿ ದಾಸಾಳ ಹೂ ಏರಿಸಿಕೊಂಡು ಕೂತಿದ್ದವು. ಹೊಸದರ ಬೆಳ್ಳಿ ಬಣ್ಣದ ಚೀಲದ ಮೇಲೆ ವಿಭೂತಿ ಇತ್ತು. ಹಳೆಯದರ ಮೇಲೆ ಹೂವಷ್ಟೇ ಕಂಡಿತು. ನಾನು ಖುಷಿಯಲ್ಲಿದ್ದೆ. ಹೂ ತೆಗೆದು ಬದಿಗಿಟ್ಟೆ, ಚೀಲ ಹರಿದೆ, ಎರಡನ್ನೂ ವೈರಿಗೆ ಸಿಗಿಸಿದೆ, ಗುಂಡಿ ಒತ್ತಿದೆ.

ಹೊಸದು ಸುಂಯ್ ಎಂದು ತಿರುಗಿತು. ಹಳೆಯದು ಟಕ್ ಎಂದಿತು. ಮತ್ತೆ ಟಕ್, ಟಕ್. ಪರದೆಯ ಮೇಲೆ ಹೊಸ ಡಿಸ್ಕಿನ ಹೆಸರೊಂದೇ ಬಂದಿತು. ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಡೆಯ ಸ್ವಿಚ್ಚನ್ನೇ ಬಡಿದು ಆರಿಸಿದೆ. ಹಳೆಯದನ್ನು ಕಿತ್ತು ಹೊರಳಿಸಿ ನೋಡಿದರೆ, ಕೆಳಗಿನ ಹಸಿರು ಹಲಗೆಯ ಮೇಲೆ, ಸಣ್ಣ ಸಣ್ಣ ಬೆಸುಗೆಗಳ ಮೇಲೆ ಉದ್ದಕ್ಕೂ ಮೂರು ಬಿಳಿ ಪಟ್ಟಿ. ನಡುವೆ ಕುಂಕುಮ. ಇನ್ನೂ ಹಸಿ.

ಡಿಸ್ಕ್ ಹಿಡಿದುಕೊಂಡೇ ಅಡುಗೆ ಮನೆಯತ್ತ ಕೂಗಿದೆ.

"ಅವ್ವಾ, ಇದನ್ನ ಯಾಕ ಬೋರಲ ಹಾಕಿದಿ?"

ಅವ್ವ ಅಡುಗೆ ಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಮ್ಯಾಲ ತುಂಬ ಅಕ್ಷರ ಇದ್ದುವಲ್ಲೋ. ಅಕ್ಷರದ ಮ್ಯಾಲ ವಿಭೂತಿ ಬಡೀತಾರೇನು? ಅದಕ್ಕ ತಿರುವಿ, ಖಾಲಿ ಇದ್ದಲ್ಲೆ ಹಚ್ಚಿ, ಮತ್ತ ಅಕ್ಷರ ಮ್ಯಾಲ ಮಾಡಿ ಇಟ್ಟೆ."

ಅವಳು ಓದಿದ್ದು ಮೂರನೆಯ ಇಯತ್ತೆ. ಹಾದಿಯಲ್ಲಿ ಬಿದ್ದ ಸುದ್ದಿಪತ್ರಿಕೆಯ ಚೂರಿಗೆ ಕಾಲು ತಾಗಿತೆಂದರೆ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುವವಳು. ಮೇಲಿನ ಚೀಟಿಯಲ್ಲಿದ್ದದ್ದು ಕಂಪನಿಯ ಹೆಸರು, ನಂಬರು. ಅದನ್ನು ಮುಚ್ಚಬಾರದೆಂದು ಇಡೀ ಡಿಸ್ಕಿನಲ್ಲಿ ನೀರು ತಾಗಬಾರದ ಒಂದೇ ಜಾಗಕ್ಕೆ ನೀರು ಹಚ್ಚಿದ್ದಳು. ನಾನು ಅರಚಾಡಿದೆ. ಏನೇನು ಅಂದೆನೆಂದು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ನಡುವೆ ಅವ್ವ ಒಂದೇ ಮಾತು ಆಡಿದಳು. "ಬೀಜಕ್ಕ ಬೂದಿ ಹಚ್ಚಿದ್ರ ಕೆಡಾಂಗಿಲ್ಲಂತ ನಿಮ್ಮ ವೈನಿನ ಬರದಾಳಲ್ಲೋ." ಅದಕ್ಕೂ ರೇಗಿದೆ. ಬೈಯುತ್ತಿದ್ದ ನನ್ನ ತಲೆಯಲ್ಲಿ ಬೇರೆಯೇ ಒಂದು ಮಾತು ಸುತ್ತುತ್ತಿತ್ತು, ಕ್ಯಾಸೆಟ್ ಇಟಗೊಂಡು ಏನ್ ಮಾಡ್ತೀರಿ ವೈನಿ. ಅದನ್ನು ಅಡಗಿಸುವುದಕ್ಕೇ ಅಷ್ಟು ದನಿ ಏರಿಸಿದ್ದೆನೋ ಏನೋ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ವೈನಿ ಧಾರವಾಡಕ್ಕೆ ಹೋಗಿದ್ದವರು ಹನ್ನೊಂದರ ಹೊತ್ತಿಗೆ ಬಂದರು. ಛತ್ರಿ ಮಡಚುವುದಕ್ಕೆ ಮೊದಲೇ ಅವ್ವ ಬಾಗಿಲಿಗೆ ಹೋಗಿ ಹೇಳಿಬಿಟ್ಟಳು. "ನಾನ ಕೆಡಿಸೇನವ್ವಾ. ವಿಭೂತಿ ಹಚ್ಚೇನಿ." ವೈನಿ ಡಿಸ್ಕ್ ನೋಡಿದರು, ನನ್ನನ್ನು ನೋಡಿದರು. "ಆಯಿ?" ಎಂದರು. ನಾನು ತಲೆ ತಗ್ಗಿಸಿದೆ. ಅವರು ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಬರೆದ ಅಧ್ಯಾಯಗಳ ಪ್ರತಿ ಫ್ಲಾಪಿಯಲ್ಲಿತ್ತು, ಅದರ ಚಿಂತೆ ಇರಲಿಲ್ಲ. ಮಾತು ಮಾತ್ರ ಇನ್ನೆಲ್ಲೂ ಇರಲಿಲ್ಲ.

ಅವರು ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅಳಲಿಲ್ಲ. ಎದ್ದು ಅವ್ವನಿಗೆ, "ಅತ್ತೀ, ನೀವು ಒಳಗ ಹೋಗ್ರಿ, ರೊಟ್ಟಿ ಹೊತ್ತಾಕತ್ತಾವು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ತೊಳ್ಯಾಕ ಬರೋವ್ರು ಯಾರರ ಅದಾರೇನು? ಯೋಚನಿ ಮಾಡು" ಎಂದರು.

ಹಿಂದಿನ ಓಣಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು. ರವಿವಾರ ಅಂಗಡಿ ಬಂದ್, ಆದರೆ ಮನೆ ಅದರ ಹಿಂದೆಯೇ. ಇಬ್ಬರೂ ಹೋಗಿ ಬಾಗಿಲು ಬಡಿದೆವು. ಚಾಚಾ ಡಿಸ್ಕನ್ನು ಹಳೆಯ ಬನಿಯನ್ನಿನ ಮೇಲೆ ಇಟ್ಟುಕೊಂಡು, ಕನ್ನಡಕದ ಮೇಲೆ ಇನ್ನೊಂದು ದಪ್ಪ ಗಾಜು ಹಿಡಿದು ಬಹಳ ಹೊತ್ತು ನೋಡಿದರು.

"ಕಂಪ್ಯೂಟರಿಂದು ನನಗ ಗೊತ್ತಿಲ್ಲ ಬೇಟಾ. ಆದ್ರ ಬೋರ್ಡು ಬೋರ್ಡನ. ಬೂದಿಯಿಂದ ಏನೂ ಆಗೂದಿಲ್ಲ. ಹಸಿ ಇದ್ದಾಗ ಕರೆಂಟ್ ಕೊಟ್ಟಿಯಲ್ಲ, ಅದು ಖರಾಬ್ ಆತು."

ಅಂದರೆ ಕೆಡಿಸಿದ್ದು ಹಚ್ಚಿದವಳಲ್ಲ, ನೋಡದೆ ಗುಂಡಿ ಒತ್ತಿದವನು. ವೈನಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಚಾಚಾ ಸ್ಪಿರಿಟ್ ಬಾಟಲಿ ತೆಗೆದರು, ಮಕ್ಕಳ ಹಲ್ಲುಜ್ಜುವ ಬ್ರಶ್ ತೆಗೆದರು. ವಿಭೂತಿ, ಕುಂಕುಮ ಎಲ್ಲವನ್ನೂ ಒಂದೊಂದೇ ಬೆಸುಗೆಯ ಸಂದಿಯಿಂದ, ಮಗುವಿನ ಕಿವಿ ತೊಳೆದಷ್ಟು ಮೆಲ್ಲಗೆ ತೊಳೆದರು. ಒಂದು ಕಡೆ ಕಪ್ಪಾದ ಕಲೆಯೊಂದು ಉಳಿಯಿತು. ಅದನ್ನು ಸೂಜಿಯ ಮೊನೆಯಿಂದ ಕೆರೆದು, ಕೂದಲೆಳೆಯಷ್ಟು ತಂತಿ ಬೆಸೆದರು. ಆಮೇಲೆ ಡಿಸ್ಕನ್ನು ದೊಡ್ಡ ಬಲ್ಬಿನ ಕೆಳಗೆ ಇಟ್ಟು ಕೈ ಒರೆಸಿಕೊಂಡರು. "ಒಣಗಬೇಕು. ನಾಕು ತಾಸು."

"ನಾಕು ತಾಸು ಯಾಕ್ರಿ ಚಾಚಾ? ಒಂದ ತಾಸಿಗೆ ಒಣಗತೈತಿ."

"ಬೆಳಿಗ್ಗೆ ಅವಸರ ಮಾಡಿ ಏನಾತು?" ಎಂದರು. ಅವರು ಮುಂದುವರಿಸಿದರು. "ಒಯ್ಯುವಾಗ ಬೆಚ್ಚಗ ಇರತೈತಿ, ಬೆಚ್ಚಗ ಇದ್ದಾಗನ ಹಚ್ಚು. ಈ ಹವಾದಾಗ ತಡಾ ಮಾಡಿದ್ರ ಮತ್ತ ತ್ಯಾವ ಎಳಕೊಂತೈತಿ. ಒಮ್ಮೆ ಚಾಲೂ ಆತು ಅಂದ್ರ ಕೆಲಸ ಮುಗಿಯೂತನಾ ಬಂದ್ ಮಾಡಬ್ಯಾಡ. ಎರಡನೇ ಸಲ ಚಾಲೂ ಆಗತೈತಿ ಅಂತ ನಾ ಹೇಳಾಂಗಿಲ್ಲ."

ಆ ನಾಲ್ಕು ತಾಸಿನಲ್ಲಿ ನಾನು ಮನೆಗೆ ಬಂದು ಹೊಸ ಡಿಸ್ಕನ್ನು ಅಣಿಗೊಳಿಸಿದೆ. ಆ ಖಾಲಿ ಡಿಸ್ಕಿನ ಅಗಲ ಪರದೆಯ ಮೇಲೆ ಕಂಡಾಗ ಹೊಟ್ಟೆಯಲ್ಲಿ ಒಂದು ಹಿಗ್ಗು ಎದ್ದಿತು. ಅದರ ಮೇಲೆ ನನಗೇ ಸಿಟ್ಟು ಬಂತು. ಆದರೂ ಹಿಗ್ಗು ಹಿಗ್ಗೇ. ಇಪ್ಪತ್ತರಲ್ಲಿ ಒಂದು ಭಾಗವೂ ತುಂಬಿರಲಿಲ್ಲ. ಇಂಥ ಹದಿನಾಲ್ಕಲ್ಲ, ನೂರು ಮುದುಕಿಯರು ಬಂದು ಕೂತು ಮಾತಾಡಬಹುದಿತ್ತು.

ಚಾಚಾ ಕೊಟ್ಟ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಬಿಸಿ ರೊಟ್ಟಿ ಒಯ್ದಂತೆ ಓಡುತ್ತ ತಂದಾಗ ಐದು ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಆಗ ವೈನಿ ಗೋಡೆಯ ಗಡಿಯಾರ ನೋಡಿ ಅಂದರು, "ಆರಕ್ಕ ಕರೆಂಟ್ ಹೋಗತೈತಿ." ಆ ದಿನಗಳಲ್ಲಿ ನಮ್ಮ ಓಣಿಗೆ ಆರರಿಂದ ಏಳರವರೆಗೆ ಲೋಡ್ ಶೆಡ್ಡಿಂಗ್. ಗಂಟೆ ಬಾರಿಸಿದಂತೆ ಹೋಗುತ್ತಿತ್ತು. ಕರೆಂಟ್ ಇಲ್ಲದಾಗ ನಡೆಸುವ ಬ್ಯಾಟರಿ ನಮ್ಮ ಹತ್ತಿರ ಇರಲಿಲ್ಲ. ಏಳರವರೆಗೆ ಕಾಯೋಣವೆಂದರೆ ಡಿಸ್ಕ್ ತಣ್ಣಗಾಗುತ್ತದೆ, ಹೊರಗೆ ಜಿಟಿಜಿಟಿ ಮಳೆ. ಇನ್ನು ಐವತ್ತು ನಿಮಿಷ.

ವೈರ್ ಸಿಗಿಸಿದೆ. ಅವ್ವನೂ ಬಂದು ನಮ್ಮ ಹಿಂದೆ ನಿಂತಳು, ಗುಂಡಿ ಒತ್ತಿದೆ. ಹೊಸದು ಸುಂಯ್ ಎಂದಿತು. ಹಳೆಯದು ಒಮ್ಮೆ ಟಕ್ ಎಂದಿತು. ಸುಮ್ಮನಾಯಿತು. ಆಮೇಲೆ, ಗಂಟಲು ಸರಿಮಾಡಿಕೊಂಡ ಮುದುಕರ ಹಾಗೆ ಗೊರ ಗೊರ ಎಂದು ತಿರುಗತೊಡಗಿತು. ಪರದೆಯ ಮೇಲೆ ಎರಡು ಹೆಸರು ಬಂದವು. ನಾನು ಕೂತಲ್ಲೇ ಮೇಜಿಗೆ ಹಣೆ ಹಚ್ಚಿದೆ. ವೈನಿ ನನ್ನ ಭುಜ ಅಲುಗಾಡಿಸಿದರು. "ಆಮ್ಯಾಲ ನಮಸ್ಕಾರ ಮಾಡುವಿಯಂತ. ಮೊದಲ ಕೆಲಸ ನೋಡು."

ಹದಿನಾಲ್ಕನ್ನೂ ಒಟ್ಟಿಗೆ ಬಳಿದು ಹೊಸದಕ್ಕೆ ಎಳೆದುಬಿಡೋಣ ಎಂದು ಕೈ ಹಾಕಿದೆ. ವೈನಿ ತಡೆದರು. ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆದು ಫೈಲುಗಳಿಗೆ ಹೆಸರಿಟ್ಟಿದ್ದರು, ಕಂಪ್ಯೂಟರ್ ಅವನ್ನು ಅಕ್ಷರದ ಸಾಲಿನಂತೆ ಒಯ್ಯುತ್ತದೆ. ಆಯಿಯ ಊರು ಉಪ್ಪಿನಬೆಟಗೇರಿ ಎಲ್ಲಕ್ಕಿಂತ ಕೊನೆಗೆ. "ಒಂದೊಂದ ತಗೋ. ಯಾರು ಮತ್ತ ಮಾತಾಡಾಂಗಿಲ್ಲೋ, ಅವರದು ಮೊದಲ."

ಹಾಗೆ ಮತ್ತೆ ಮಾತಾಡಲಾರದವರು ಇಬ್ಬರು. ಒಬ್ಬಳು ಆಯಿ. ಇನ್ನೊಬ್ಬಳು ಸತ್ತೂರಿನ ಒಬ್ಬ ಯಜಮಾನತಿ, ಎರಡು ತಿಂಗಳ ಹಿಂದೆ ತೀರಿಕೊಂಡಿದ್ದಳು. ನಾನು ಆಯಿಯ ಫೈಲಿನ ಮೇಲೆ ಬಾಣ ಇಟ್ಟೆ.

"ಸತ್ತೂರಿಂದು ಮೊದಲ" ಎಂದರು ವೈನಿ.

"ವೈನಿ, ಹುಚ್ಚು ಗಿಚ್ಚು ಹಿಡದೈತೇನ್ರಿ? ಮಾಮಾ ಬರಾಕತ್ತಾರ. ಮೊದಲ ಆಯಿ."

"ಆ ಯಜಮಾನತಿದು ಆಕಿ ಮನ್ಯಾಗ ಒಂದು ಫೋಟೋ ಸೈತ ಇಲ್ಲ. ನಂಬಿ ನನ್ನ ಮುಂದ ಮಾತಾಡ್ಯಾಳ. ಪರರದು ಮೊದಲ ದಾಟಸು, ನಮ್ಮದು ಆಮ್ಯಾಲ."

ವಾದ ಮಾಡುವಷ್ಟು ಹೊತ್ತಿರಲಿಲ್ಲ. ಸಿಟ್ಟಿನಿಂದಲೇ ಸತ್ತೂರಿನದನ್ನು ಎಳೆದು ಬಿಟ್ಟೆ. ಪರದೆಯ ಮೇಲೆ ಒಂದು ಹಾಳೆ ಈ ಕಡತದಿಂದ ಆ ಕಡತಕ್ಕೆ ಹಾರತೊಡಗಿತು. ಮೊದಲು ನಾಲ್ಕು ನಿಮಿಷ ಎಂದು ತೋರಿಸಿತು. ಆಮೇಲೆ ಹನ್ನೊಂದು ನಿಮಿಷ. ಮತ್ತೆ ಎರಡು. ಆ ಲೆಕ್ಕವನ್ನು ನಂಬಿದವನು ಉದ್ಧಾರವಾಗುವುದುಂಟೇ. ನಡುನಡುವೆ ಹಳೆಯ ಡಿಸ್ಕ್ ಟಕ್ ಎಂದು ತಡೆಯುತ್ತಿತ್ತು, ಹಾರುತ್ತಿದ್ದ ಹಾಳೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಆಗ ನಾವು ಮೂವರೂ ಅಲುಗಾಡದೆ ನಿಂತುಬಿಡುತ್ತಿದ್ದೆವು. ಮತ್ತೆ ಗೊರ ಗೊರ. ಹಾಳೆ ಹಾರುತ್ತಿತ್ತು.

ಸತ್ತೂರು ದಾಟಿತು. ಐದು ಗಂಟೆ ಇಪ್ಪತ್ತೇಳು ನಿಮಿಷ.

ಆಯಿಯದು ಎಲ್ಲಕ್ಕಿಂತ ಉದ್ದ. ಮೊದಲ ಸಲದ ಹುರುಪಿನಲ್ಲಿ ವೈನಿ ಕ್ಯಾಸೆಟ್ಟಿನ ಎರಡೂ ಬದಿ ತುಂಬಿದ್ದರು. ಎಳೆದು ಬಿಟ್ಟೆ. ಮೂರರಲ್ಲಿ ಒಂದು ಭಾಗ ದಾಟುವಷ್ಟರಲ್ಲಿ ಡಿಸ್ಕ್ ಟಕ್ ಟಕ್ ಎಂದು ನಿಂತಿತು. ಒಂದು ನಿಮಿಷವಾಯಿತು, ಎರಡಾಯಿತು. ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸಲೇ ಎಂದು ಪರದೆ ಕೇಳಿತು. ಮತ್ತೆ ಒತ್ತಿದೆ. ಮತ್ತೆ ಅದೇ. "ಬೆಳಿಗ್ಗೆ ಬೈದೆ ಅಂತ ಇದು ಮುನಿಸಿಕೊಂಡೈತೇನು?" ಎಂದೆ ಹುಚ್ಚನ ಹಾಗೆ. ಅವ್ವ ಒಳಗೆ ಹೋದವಳು ರೊಟ್ಟಿಯ ಹಂಚು ಒರೆಸುವ ದಪ್ಪ ಅರಿವೆಯನ್ನು ಒಲೆಗೆ ಹಿಡಿದು, ಕಾಯಿಸಿ, ಒಣಗಿದ್ದನ್ನು ಕೆನ್ನೆಗೆ ಒತ್ತಿ ನೋಡಿ ತಂದಳು. ಡಿಸ್ಕಿನ ಮೇಲ್ಭಾಗಕ್ಕೆ, ಈ ಸಲ ಅಕ್ಷರದ ಮೇಲೆಯೇ, ಮೆಲ್ಲಗೆ ಹೊದಿಸಿದಳು. "ಥಂಡಿ ಆಗಿರಬೇಕು. ಬೆಚ್ಚಗ ಇಡು ಅಂದಾನಂತಲ್ಲ ಆ ಪುಣ್ಯಾತ್ಮ." ಅದರಿಂದಲೋ ಅಥವಾ ಸುಮ್ಮನೆ ಕಾಲ ಕೂಡಿ ಬಂದದ್ದರಿಂದಲೋ, ನಾನು ಇವತ್ತಿಗೂ ಹೇಳಲಾರೆ. ಮೂರನೆಯ ಸಲ ಒತ್ತಿದೆ. ಹಾಳೆ ಹಾರಿತು.

ಎಷ್ಟು ದಾಟಿತೆಂದು ಪರದೆಯ ಮೇಲೆ ತೋರಿಸುವ ಹಸಿರು ಪಟ್ಟಿ ಬೆಳೆಯುವುದನ್ನು ನೋಡುತ್ತ ನನ್ನ ಮೈಯೆಲ್ಲ ಜುಂ ಎನ್ನುತ್ತಿತ್ತು. ಆಯಿಯನ್ನು ನಾನು ಎರಡು ಸಲ ಕಂಡಿದ್ದೆ, ಅಷ್ಟೇ. ಆದರೂ ಯಾರನ್ನೋ ಹೊಳೆ ದಾಟಿಸುತ್ತಿದ್ದೇವೆ ಎನಿಸಿತು. ಐದು ಗಂಟೆ ನಲವತ್ತೊಂದಕ್ಕೆ ಪಟ್ಟಿ ಆ ತುದಿ ಮುಟ್ಟಿತು. ಪರದೆಯ ಮೇಲೆ ಹೊಸ ಡಿಸ್ಕಿನಲ್ಲಿ ಎರಡು ಹೆಸರು ಕೂತಿದ್ದವು. ವೈನಿ ಅವ್ವನ ಕೈ ಹಿಡಿದುಕೊಂಡರು. ನಾನು ಓಣಿಗೆ ಕೇಳುವ ಹಾಗೆ ಶೀಟಿ ಹೊಡೆದೆ.

ಆಮೇಲಿನದು ಓಟ. ಒಬ್ಬೊಬ್ಬ ಮುದುಕಿಯದು ದಾಟಿದಾಗಲೂ ಅವ್ವ ಬೆರಳು ಮಡಚುತ್ತಿದ್ದಳು. ಏಳು ಬೆರಳಾಗಿದ್ದವು, ಎಂಟನೆಯವಳು ನಡು ಹೊಳೆಯಲ್ಲಿದ್ದಳು. ಪಟ್ ಎಂದು ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಹಳೆಯ ಡಿಸ್ಕ್ ನಿಧಾನವಾಗಿ ತಿರುಗುತ್ತ ತಿರುಗುತ್ತ ನಿಂತಿತು. ಏಳಕ್ಕೆ ಕರೆಂಟ್ ಬಂದ ಮೇಲೆ ಎಷ್ಟು ಮಾಡಿದರೂ ಅದು ಏಳಲಿಲ್ಲ. ಚಾಚಾ ಹೇಳಿದ್ದು ಖರೇ ಆಯಿತು.

ಕರೆಂಟ್ ಬರುವ ಮೊದಲು ಕತ್ತಲಲ್ಲಿ ಕೂತಿದ್ದಾಗ ನಾನು ಹೇಳಬೇಕಾದ್ದನ್ನು ಹೇಳಿದೆ. ಬೆಳಕಿದ್ದರೆ ಬಾಯಿ ಏಳುತ್ತಿರಲಿಲ್ಲ. "ತಪ್ಪು ನಂದು. ಕ್ಯಾಸೆಟ್ ಅಳಸ್ರಿ ಅಂದವ ನಾನು. ಅಂಗಡಿಯವರು ಮಾಡಿಕೊಡ್ತೇವಿ ಅಂದ್ರೂ ಬ್ಯಾಡ ಅಂದವ ನಾನು. ಅವ್ವಗ ಸುಮ್ನ ಬೈದೆ." ಅವ್ವ, "ಗೊತ್ತೈತಿ ಬಿಡು. ನಿನ್ನ ಸಿಟ್ಟೇನು ಇವತ್ತಿಂದೇನು" ಎಂದು ಚಿಮಣಿ ಹಚ್ಚಲು ಎದ್ದಳು. ವೈನಿ ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಮೊದಲು. ಉಳಿದ ಮುದುಕಿಯರ ಮನೆಗಳಿಗೆ ಮುಂದೆ ನಾನೇ ಟೇಪ್ ರೆಕಾರ್ಡರ್ ಹೊತ್ತು ಅವರ ಜೊತೆ ಹೋದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಒಬ್ಬಳಂತೂ, "ಛಲೋ ಆತು ಬಂದಿ, ಹೋದ ಸಲ ಅರ್ಧಾ ಸುಳ್ಳ ಹೇಳಿದ್ದೆ" ಎಂದಳು.

ಮರು ರವಿವಾರ ಮಾಮಾ ಬಂದರು. ಮಳೆಯಲ್ಲಿ ತೊಯ್ದ ತಲೆಯ ಪಟಗ ಬಿಚ್ಚಿ ಗೂಟಕ್ಕೆ ಹಾಕಿ, ಚಹಾ ಬೇಡವೆಂದು, ಕಂಪ್ಯೂಟರಿನ ಮುಂದೆ ಕುರ್ಚಿಯ ತುದಿಗೆ ಕೂತರು. ವೈನಿ ಅವರ ಹಿಂದೆ ನಿಂತರು. ನಾನು ಗುಂಡಿ ಒತ್ತಿದೆ. ಮೊದಲು ಕೋಳಿ ಕೂಗಿತು, ಯಾರೋ ಕೆಮ್ಮಿದರು. ಆಮೇಲೆ ಆಯಿಯ ದನಿ ಬಂತು. ಬಿಳಿಜೋಳದ ಯಾವ ತೆನೆ ಬೀಜಕ್ಕೆ, ಯಾವುದು ಹೊಟ್ಟೆಗೆ ಎಂದು ನಿಧಾನವಾಗಿ ಹೇಳುತ್ತಿದ್ದಳು. ಮಾಮಾ ನೆಲ ನೋಡುತ್ತ ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಹತ್ತು ನಿಮಿಷವಾಗಿರಬೇಕು, ಹೇಳುತ್ತಿದ್ದವಳು ಮಾತು ನಿಲ್ಲಿಸಿದಳು. ಹೊರಗೆ ಯಾರೋ ಬಂದದ್ದನ್ನು ಕಂಡಿರಬೇಕು, ದನಿ ಏರಿಸಿ ಕರೆದಳು.

"ಏ ಮಗನ, ಎತ್ತಿಗೆ ನೀರ ಕುಡಿಸಿಯೇನು?"

ಮಾಮಾ ಕುರ್ಚಿಯಿಂದ ಅರ್ಧ ಎದ್ದರು. "ಕುಡಿಸೇನಬೇ" ಎಂದರು.

ಅಂದು ಅಂಗಳದಲ್ಲಿ ನಿಂತು ಅವರು ಏನು ಉತ್ತರ ಕೊಟ್ಟಿದ್ದರೋ, ಟೇಪ್ ರೆಕಾರ್ಡರಿಗೆ ಅದು ಕೇಳಿಸಿರಲಿಲ್ಲ. ಅಷ್ಟು ಹೊತ್ತು ಸ್ಪೀಕರ್ ಡಬ್ಬಿಯಲ್ಲಿ ಬರೀ ಸರಸರ ಸದ್ದಿತ್ತು. ಆಮೇಲೆ ಆಯಿ ಅಂದಳು, "ಹ್ಞಾಂ. ಹಂಗಾರ ಕೈಕಾಲ ತೊಳಕೊಂಡ ಬಾ. ರೊಟ್ಟಿ ಆರಾಕತ್ತಾವು."